ಹಾಲ್ ಆಫ್ ಫೇಮ್‌ನಲ್ಲಿ ಹೆಸರಿದ್ದರೆ ಏನು ಸಾಬೀತಾದಂತೆ?

ಜೆರ್ರಿ ಕ್ರೇಮರ್ ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡದ ರೈಟ್ ಗಾರ್ಡ್, ಅಂದರೆ ಎದುರಾಳಿಗಳನ್ನು ತಡೆದು ಚೆಂಡಿಗೆ ದಾರಿ ಮಾಡಿಕೊಡುವ ಆಟಗಾರ. ಅವರ ಕೊನೆಯ ಸೀಸನ್ 1968. ಐದು ಸೀಸನ್‌ಗಳಲ್ಲಿ ಆಲ್-ಪ್ರೊ (ಆ ಸೀಸನ್‌ನ ಅತ್ಯುತ್ತಮರ ಗೌರವ ಪಟ್ಟಿ) ಮೊದಲ ತಂಡದಲ್ಲಿದ್ದರು. ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ 50 ವರ್ಷ ತುಂಬಿದಾಗ ಆರಿಸಿದ ತಂಡದಲ್ಲೂ ಅವರ ಹೆಸರಿತ್ತು. ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡದ್ದು ಮಾತ್ರ 2018ರಲ್ಲಿ. ಈ ಐವತ್ತು ವರ್ಷಗಳಲ್ಲಿ ಅವರ ದಾಖಲೆಗೆ ಒಂದು ಪಂದ್ಯವೂ ಸೇರಿಲ್ಲ. 2017ರಲ್ಲಿ ಯಾರಾದರೂ "ಹಾಲ್‌ನಲ್ಲಿ ಇಲ್ಲ, ಆದ್ದರಿಂದ ಮೊದಲ ಸಾಲಿನ ಆಟಗಾರರಲ್ಲ" ಎಂದು ಬರೆದಿದ್ದರೆ ಮರುವರ್ಷವೇ ಆ ವಾಕ್ಯ ತಪ್ಪಾಗುತ್ತಿತ್ತು. ಆಟ ಬದಲಾಗಲಿಲ್ಲ, ಸಮಿತಿಯ ತೀರ್ಪು ಬದಲಾಯಿತು. ಈ ಟಿಪ್ಪಣಿಯುದ್ದಕ್ಕೂ ಕ್ರೇಮರ್ ಅವರನ್ನು ನೆನಪಿನಲ್ಲಿಟ್ಟುಕೊಳ್ಳಿ.

ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್. ಹಾಲ್ ಆಫ್ ಫೇಮ್ ಎಂದರೆ ಓಹಿಯೋ ರಾಜ್ಯದ ಕ್ಯಾಂಟನ್ ಊರಿನಲ್ಲಿರುವ ಪ್ರೊ ಫುಟ್‌ಬಾಲ್ ಹಾಲ್ ಆಫ್ ಫೇಮ್. 1920ರಲ್ಲಿ ಲೀಗ್ ಹುಟ್ಟಿದ್ದು ಅದೇ ಊರಲ್ಲಿ. ಹಾಲ್ ಬಾಗಿಲು ತೆರೆದದ್ದು 1963ರಲ್ಲಿ, 17 ಮಂದಿಯ ಮೊದಲ ಸಾಲಿನೊಂದಿಗೆ.

ಯಾವ ಹಾಲ್, ಯಾವ ಬಾಗಿಲು

ವಾದಕ್ಕೆ ಇಳಿಯುವ ಮೊದಲೇ ಎರಡು ವಿಷಯ ನೋಡಿಕೊಳ್ಳಬೇಕು. ಕಾಲೇಜ್ ಫುಟ್‌ಬಾಲ್ ಹಾಲ್ ಆಫ್ ಫೇಮ್ ಬೇರೆ, ಅದು ಅಟ್ಲಾಂಟಾದಲ್ಲಿದೆ. ಟಿಮ್ ಟೀಬೋ 2023ರಲ್ಲಿ ಸೇರಿದ್ದು ಅದಕ್ಕೆ. 2007ರ ಹೈಸ್‌ಮನ್ (ವರ್ಷದ ಅತ್ಯುತ್ತಮ ಕಾಲೇಜು ಆಟಗಾರ) ಪ್ರಶಸ್ತಿ ಪಡೆದ ಕಾಲೇಜು ಆಟಗಾರನಾಗಿ ಅವರು ಮೊದಲ ಸಾಲಿನವರು ಎನ್ನುವುದಕ್ಕೆ ಅದು ಸಾಕ್ಷಿ. ಎನ್‌ಎಫ್‌ಎಲ್ ಆಟದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ತಂಡಗಳು ತಮ್ಮ ತಮ್ಮ ಕ್ರೀಡಾಂಗಣದಲ್ಲಿ ಕೊಡುವ ಗೌರವಗಳೂ ಬೇರೆ.

ಎರಡನೆಯದು, ಕ್ಯಾಂಟನ್‌ಗೇ ಹೋದರೂ ಯಾವ ಬಾಗಿಲಿಂದ ಹೋದರು ಎನ್ನುವುದು. ಆಟಗಾರ, ಕೋಚ್, ಕೊಡುಗೆದಾರ, ಹೀಗೆ ಬೇರೆ ಬೇರೆ ವಿಭಾಗಗಳಿವೆ. ಟೋನಿ ಡಂಜಿ 1970ರ ದಶಕದ ಕೊನೆಯಲ್ಲಿ ಎನ್‌ಎಫ್‌ಎಲ್‌ನಲ್ಲಿ ಮೂರು ಸೀಸನ್ ಆಡಿದವರು, 2016ರಲ್ಲಿ ಹಾಲ್‌ಗೆ ಸೇರಿದವರು. ಎರಡೂ ನಿಜ. ಆದರೆ ಸೇರಿದ್ದು ಕೋಚ್ ಆಗಿ. ಡಿಕ್ ಲಬೋ ವಿಷಯದಲ್ಲಿ ಇದು ತಿರುವುಮುರುವು. ಹೆಚ್ಚಿನವರಿಗೆ ಅವರು ಡಿಫೆನ್ಸ್ ಕೋಚ್ ಆಗಿಯೇ ಗೊತ್ತು, 2010ರಲ್ಲಿ ಸೇರಿದ್ದು ಮಾತ್ರ ಡೆಟ್ರಾಯ್ಟ್ ಲಯನ್ಸ್ ಪರ 62 ಇಂಟರ್‌ಸೆಪ್ಷನ್ (ಎದುರಾಳಿಯ ಪಾಸ್ ಕಸಿಯುವುದು) ಮಾಡಿದ ಆಟಗಾರನಾಗಿ. ಎಡ್ ಸೇಬಲ್ 2011ರಲ್ಲಿ ಸೇರಿದರು. ಅವರು ಆಟಗಾರರೂ ಅಲ್ಲ, ಕೋಚ್ ಕೂಡ ಅಲ್ಲ. ಪಂದ್ಯಗಳನ್ನು ಚಿತ್ರೀಕರಿಸುವ ಎನ್‌ಎಫ್‌ಎಲ್ ಫಿಲ್ಮ್ಸ್ ಸಂಸ್ಥೆ ಕಟ್ಟಿದವರು.

ಇನ್ನು ಮುಂದಿನದೆಲ್ಲ ಆಟಗಾರನಾಗಿ ಸೇರಿದವರ ಬಗ್ಗೆ ಮಾತ್ರ.

80 ಶೇಕಡಾ: ಎಲ್ಲರೂ ಎಡವುವ ಲೆಕ್ಕ

ಆಟ ನಿಲ್ಲಿಸಿ ಐದು ವರ್ಷ ಕಾಯಬೇಕು. ಆಮೇಲೆ 20 ವರ್ಷ 'ಆಧುನಿಕ ಕಾಲ'ದ ಪಟ್ಟಿಯಲ್ಲಿ ಅವಕಾಶ, ಅದೂ ಕಳೆದರೆ ಸೀನಿಯರ್ ವಿಭಾಗ. ಆಯ್ಕೆ ಮಾಡುವವರು ಸುಮಾರು 50 ಮಂದಿ, ಹೆಚ್ಚಿನವರು ಕ್ರೀಡಾ ಪತ್ರಕರ್ತರು. ಆಯ್ಕೆಗೆ 80 ಶೇಕಡಾ ಮತ ಬೇಕು. ಇದಿಷ್ಟನ್ನು ಓದಿದ ಯಾರಿಗಾದರೂ ಅನಿಸುವುದು ಒಂದೇ: "ನೂರಕ್ಕೆ ಎಂಬತ್ತು ಮಂದಿ ಒಪ್ಪಿದ್ದಾರೆ, ಇನ್ನೇನು ಸಾಕ್ಷಿ ಬೇಕು? ಸಿಗದಿದ್ದವರು ಆ ಮಟ್ಟದವರಲ್ಲ." ಈ ಮಾತಿನ ಎರಡನೆಯ ಅರ್ಧ ತಪ್ಪು. ಏಕೆ ಎನ್ನುವುದು ಪೆನ್ನು ಹಿಡಿದು ಲೆಕ್ಕ ಮಾಡದೆ ಹೊಳೆಯುವುದಿಲ್ಲ.

ಹಿಂದಿನ ಪದ್ಧತಿ ಹೀಗಿತ್ತು. ಅಂತಿಮ ಪಟ್ಟಿಯ 15 ಮಂದಿಯನ್ನು 10ಕ್ಕೆ, 10ನ್ನು 5ಕ್ಕೆ ಇಳಿಸುವುದು. ಉಳಿದ ಐವರ ಮೇಲೆ ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಹೌದು ಅಥವಾ ಇಲ್ಲ. ಇಲ್ಲಿ ಒಬ್ಬರಿಗೆ ಹೌದು ಎಂದರೆ ಇನ್ನೊಬ್ಬರಿಗೆ ನಷ್ಟವಿಲ್ಲ. ಐವರಿಗೂ ನೂರಕ್ಕೆ ನೂರು ಬರಬಹುದು.

2025ರ ಆಯ್ಕೆಯಿಂದ ಕೊನೆಯ ಸುತ್ತು ಬದಲಾಯಿತು. ಈಗ 15 ಮಂದಿ 10ಕ್ಕೆ, ಆಮೇಲೆ 7ಕ್ಕೆ ಇಳಿಯುತ್ತಾರೆ. ಆ ಏಳರಲ್ಲಿ ಪ್ರತಿಯೊಬ್ಬ ಮತದಾರ ಐವರನ್ನು ಗುರುತಿಸಬೇಕು. ಬೇಕಾದದ್ದು ಮತ್ತೆ 80 ಶೇಕಡಾ.

ಸಂಖ್ಯೆ ಇಟ್ಟು ನೋಡೋಣ. ಮತದಾರರು 50, ತಲಾ 5 ಮತ, ಒಟ್ಟು 250. ಗೆಲ್ಲಲು ಬೇಕಾದದ್ದು 40. ಏಳು ಮಂದಿಯೂ ಸಮಬಲದವರಾಗಿದ್ದು ಮತ ಸಮವಾಗಿ ಹರಿದರೆ 250ನ್ನು 7ರಿಂದ ಭಾಗಿಸಿ: ಒಬ್ಬೊಬ್ಬರಿಗೆ 36ರ ಆಸುಪಾಸು. ಯಾರೂ 40 ಮುಟ್ಟಲಿಲ್ಲ. ಏಳೂ ಮಂದಿ ಅರ್ಹರು ಎಂದು ಎಲ್ಲ 50 ಮತದಾರರೂ ಮನಸಾರೆ ನಂಬಿದ್ದರೂ ಫಲ ಇದೇ!

ಇನ್ನೊಂದು ಸ್ಥಿತಿ. ಇಬ್ಬರ ಬಗ್ಗೆ ಯಾರಿಗೂ ಅನುಮಾನವಿಲ್ಲ, ಅವರಿಗೆ ತಲಾ 50 ಬಿತ್ತು. ಉಳಿದದ್ದು 150 ಮತ, ಐದು ಮಂದಿ. ಸಮವಾಗಿ ಹರಿದರೆ ತಲಾ 30. ಅವರಲ್ಲಿ ಒಬ್ಬರು 40 ಮುಟ್ಟಬೇಕಾದರೆ ಉಳಿದ ನಾಲ್ವರಿಂದ 10 ಮತ ಕಿತ್ತುಕೊಳ್ಳಬೇಕು. ಒಬ್ಬರ ಮೇಲಿನ ಒಮ್ಮತ ಹೆಚ್ಚಿದಷ್ಟೂ ಮಿಕ್ಕವರ ಪಾಲು ಇಳಿಯುತ್ತದೆ. ಹಾಗಾಗಿ ಹಳೆಯ 80 ಶೇಕಡಾ ಮತ್ತು ಹೊಸ 80 ಶೇಕಡಾ ಒಂದೇ ಅಳತೆಗೋಲಲ್ಲ. ಮೊದಲನೆಯದು "ಈತ ಅರ್ಹನೇ?" ಎಂಬ ಪ್ರಶ್ನೆ, ಎರಡನೆಯದು "ಈ ಏಳರಲ್ಲಿ ಈತ ನಿಮ್ಮ ಐದರೊಳಗಿದ್ದಾನೆಯೇ?" ಎಂಬ ಪ್ರಶ್ನೆ.

ಸೀನಿಯರ್, ಕೋಚ್, ಕೊಡುಗೆದಾರ ಗುಂಪಿನಲ್ಲಿ ಇನ್ನೂ ಬಿಗಿ. ಮೂವರು ಸೀನಿಯರ್ ಆಟಗಾರರು, ಒಬ್ಬ ಕೋಚ್, ಒಬ್ಬ ಕೊಡುಗೆದಾರ, ಒಟ್ಟು ಐವರು. ಮತದಾರ ಆರಿಸುವುದು ಮೂವರನ್ನು. 150 ಮತವನ್ನು ಐವರಿಗೆ ಹಂಚಿದರೆ ಸರಾಸರಿ 30. ಗೆರೆ ಮಾತ್ರ 40ರಲ್ಲೇ.

2025ರಲ್ಲಿ ಆದದ್ದು ಇದೇ. ವರ್ಷಕ್ಕೆ ಕನಿಷ್ಠ 4, ಗರಿಷ್ಠ 8 ಮಂದಿಗೆ ಜಾಗವಿದ್ದರೂ ಆಯ್ಕೆಯಾದದ್ದು ನಾಲ್ವರೇ: ಎರಿಕ್ ಅಲೆನ್, ಜ್ಯಾರೆಡ್ ಅಲೆನ್, ಆಂಟೋನಿಯೊ ಗೇಟ್ಸ್, ಸೀನಿಯರ್ ವಿಭಾಗದಿಂದ ಸ್ಟರ್ಲಿಂಗ್ ಶಾರ್ಪ್. ಕೊನೆಯ ಏಳರವರೆಗೆ ಬಂದು ಆ ವರ್ಷ ಹೊರಗುಳಿದವರಲ್ಲಿ ಲ್ಯೂಕ್ ಕೀಕ್ಲಿ ಒಬ್ಬರು. ಎಂಟು ಸೀಸನ್ ಆಟ, ಐದು ಬಾರಿ ಆಲ್-ಪ್ರೊ ಮೊದಲ ತಂಡ, 2013ರಲ್ಲಿ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ. ಆ ವರ್ಷದ 'ಇಲ್ಲ' ಅವರ ಆಟದ ಬಗ್ಗೆ ಹೇಳುವುದಕ್ಕಿಂತ ಮತಪತ್ರದ ಬಗ್ಗೆ ಹೆಚ್ಚು ಹೇಳುತ್ತದೆ.

ಒಂದೇ ಸ್ಥಾನದ ಆಟಗಾರರು ಸಾಲುಗಟ್ಟಿದಾಗಲೂ ಹೀಗೆಯೇ. ವೈಡ್ ರಿಸೀವರ್‌ಗಳಾದ (ಪಾಸ್ ಹಿಡಿಯುವವರು) ಕ್ರಿಸ್ ಕಾರ್ಟರ್, ಆಂಡ್ರೆ ರೀಡ್, ಟಿಮ್ ಬ್ರೌನ್ ಒಬ್ಬರ ಮತ ಒಬ್ಬರು ಕಡಿದುಕೊಂಡು ಕೊನೆಗೆ 2013, 2014, 2015ರಲ್ಲಿ ಒಬ್ಬೊಬ್ಬರಾಗಿ ಒಳಗೆ ಹೋದರು. ಸೇರಿದ ವರ್ಷವನ್ನು ರ‍್ಯಾಂಕ್ ಎಂದು ಓದಬೇಡಿ.

ಬಾಣದ ದಿಕ್ಕು

"ಹಾಲ್‌ನಲ್ಲಿ ಇದ್ದರೆ ಮೊದಲ ಸಾಲಿನವರು" ಎನ್ನುವುದನ್ನು ಬಹುಮಟ್ಟಿಗೆ ಒಪ್ಪಬಹುದು. "ಮೊದಲ ಸಾಲಿನವರಾದರೆ ಹಾಲ್‌ನಲ್ಲಿರುತ್ತಾರೆ" ಎನ್ನುವುದನ್ನು ಒಪ್ಪಲಾಗದು. ಕೆನ್ ಆ್ಯಂಡರ್ಸನ್ ಸಿನ್ಸಿನಾಟಿ ಬೆಂಗಾಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆಯುವವರು. 1974, 1975, 1981, 1982ರಲ್ಲಿ ಪಾಸರ್ ರೇಟಿಂಗ್‌ನಲ್ಲಿ (ಪಾಸ್ ಎಸೆತದ ಗುಣಮಟ್ಟದ ಅಂಕ) ಲೀಗಿಗೇ ಮೊದಲಿಗರು, 1981ರ ಎಂವಿಪಿ, ಅಂದರೆ ಲೀಗಿನ ಅತ್ಯಮೂಲ್ಯ ಆಟಗಾರ. 2025ರ ಆಯ್ಕೆ ಮುಗಿದಾಗಲೂ ಅವರು ಹೊರಗೇ ಇದ್ದರು. ಟೆರೆಲ್ ಓವೆನ್ಸ್ ಆಟ ನಿಲ್ಲಿಸಿದಾಗ 15,934 ರಿಸೀವಿಂಗ್ ಯಾರ್ಡ್‌ಗಳೊಂದಿಗೆ (ಪಾಸ್ ಹಿಡಿದು ಗಳಿಸಿದ ದೂರ) ಸಾರ್ವಕಾಲಿಕ ಎರಡನೆಯವರು. ಆದರೂ ಮೂರನೆಯ ಯತ್ನದಲ್ಲಿ, 2018ರಲ್ಲಿ, ಒಳಗೆ ಹೋದರು. ಮೈದಾನದ ಆಟವನ್ನಷ್ಟೇ ನೋಡಬೇಕು ಎಂಬುದು ಹಾಲ್‌ನ ನಿಯಮ. ತಂಡದೊಳಗಿನ ಅವರ ನಡವಳಿಕೆ ಆಟದ ಭಾಗವೇ ಅಲ್ಲವೇ ಎಂದು ಮತದಾರರು ವಾದಿಸಿದ್ದರು.

ಶಿಖರವೋ, ಉದ್ದವೋ

ಮೊದಲ ಸಾಲಿನವರು ಎಂದರೇನು ಎನ್ನುವುದನ್ನು ಹೇಳದೆ ವಾದ ಮಾಡಿದರೆ ಇಬ್ಬರೂ ಸರಿ, ಇಬ್ಬರೂ ತಪ್ಪು. ಚೆಂಡು ಹಿಡಿದು ಓಡುವ ಆಟಗಾರ ಗೇಲ್ ಸೇಯರ್ಸ್ ಆಡಿದ್ದು 68 ಪಂದ್ಯ, ಓಡಿದ್ದು 4,956 ಯಾರ್ಡ್. 1965ರಿಂದ 1969ರ ತನಕ ಐದೂ ಸೀಸನ್ ಆಲ್-ಪ್ರೊ ಮೊದಲ ತಂಡ. 1977ರಲ್ಲಿ, 34ನೇ ವಯಸ್ಸಿಗೇ, ಹಾಲ್ ಸೇರಿದರು. ಫ್ರಾಂಕ್ ಗೋರ್ 2005ರಿಂದ 2020ರ ತನಕ ಓಡಿ ಸರಿಯಾಗಿ 16,000 ಯಾರ್ಡ್ ಮಾಡಿದರು. ಒಮ್ಮೆಯೂ ಆಲ್-ಪ್ರೊ ಮೊದಲ ತಂಡ ಇಲ್ಲ. ಯಾರ್ಡ್ ಮಾತ್ರ ನೋಡಿದರೆ ಗೋರ್ ಮೂರು ಪಟ್ಟಿಗೂ ಮೇಲೆ. ಒಂದು ಸೀಸನ್‌ನಲ್ಲಿ ಮುಟ್ಟಿದ ಎತ್ತರ ನೋಡಿದರೆ ಸೇಯರ್ಸ್. ಟೆರೆಲ್ ಡೇವಿಸ್ 1998ರಲ್ಲಿ 2,008 ಯಾರ್ಡ್ ಓಡಿದವರು, ಮಂಡಿ ಕೆಟ್ಟು 78 ಪಂದ್ಯಕ್ಕೇ ಆಟ ಮುಗಿಯಿತು. ಸೇಯರ್ಸ್‌ಗೆ ತಕ್ಷಣ ತೆರೆದ ಬಾಗಿಲು ಡೇವಿಸ್‌ಗೆ ತೆರೆದದ್ದು 2017ರಲ್ಲಿ. ಸಮಿತಿಗೇ ಈ ಪ್ರಶ್ನೆಗೆ ಒಂದು ಸ್ಥಿರ ಉತ್ತರವಿಲ್ಲ ಎನ್ನುವುದು ಇದರಿಂದ ಕಾಣುತ್ತದೆ.

ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸುವುದು

"ಐದು ಬಾರಿ ಆಲ್-ಪ್ರೊ, ಜೊತೆಗೆ ಹಾಲ್ ಆಫ್ ಫೇಮ್ ಕೂಡ" ಎಂದು ಬರೆದಾಗ ಎರಡು ಸಾಕ್ಷಿ ಕೊಟ್ಟಂತೆ ಅನಿಸುತ್ತದೆ. ಮತದಾರರು ಹಾಲ್‌ಗೆ ಆರಿಸುವಾಗ ಮುಂದಿಟ್ಟುಕೊಳ್ಳುವುದೇ ಆ ಐದು ಆಲ್-ಪ್ರೊಗಳನ್ನು. ಒಂದೇ ಸಾಕ್ಷಿ ಎರಡು ಅಂಗಿ ಹಾಕಿಕೊಂಡು ಬಂದಿದೆ ಅಷ್ಟೆ. ಆಲ್-ಪ್ರೊ ಆಯಾ ವರ್ಷವೇ, ನೆನಪು ಮಾಸುವ ಮೊದಲೇ ಕೊಟ್ಟದ್ದು, ಇಡೀ ಲೀಗಿಗೆ ಒಂದೇ ತಂಡ. ಹಾಗಾಗಿ ತೂಕ ಅದಕ್ಕೇ ಹೆಚ್ಚು. ಪ್ರೊ ಬೌಲ್ (ತಾರಾ ಆಟಗಾರರ ಪ್ರದರ್ಶನಕ್ಕೆ ಆಯ್ಕೆ) ಬೇರೆ: ಅಭಿಮಾನಿಗಳ ಮತವೂ ಸೇರುತ್ತದೆ, ಗಾಯಾಳುಗಳ ಬದಲಿಗೆ ಬಂದವರೂ ಸೇರುತ್ತಾರೆ. ಇವೆರಡನ್ನು ಒಂದೇ ಕಾಲಂನಲ್ಲಿ ಕೂಡಿಸಬೇಡಿ.

ಒಂದು ಲೆಕ್ಕ ಬಿಡಿಸಿ: ಜೋ ನೇಮತ್

ನೇಮತ್ ನ್ಯೂಯಾರ್ಕ್ ಜೆಟ್ಸ್ ತಂಡದ ಕ್ವಾರ್ಟರ್‌ಬ್ಯಾಕ್. ಹಾಲ್‌ಗೆ ಸೇರಿದ್ದು 1985ರಲ್ಲಿ, ಆಟಗಾರನಾಗಿ. ಒಟ್ಟು ಅಂಕಿ ನೋಡಿದರೆ ಗಾಬರಿಯಾಗುತ್ತದೆ: 173 ಟಚ್‌ಡೌನ್ (ಅಂಕ ತಂದ ಪಾಸ್), 220 ಇಂಟರ್‌ಸೆಪ್ಷನ್ (ಎದುರಾಳಿಯ ಕೈಗೆ ಹೋದ ಪಾಸ್), ಗುರಿ ಮುಟ್ಟಿದ ಪಾಸ್ ನೂರಕ್ಕೆ 50ರಷ್ಟು. "ಹೆಸರಿಗೆ ಮಾತ್ರ ಹಾಲ್" ಎಂದು ಹೇಳುವವರು ಇಲ್ಲೇ ನಿಲ್ಲುತ್ತಾರೆ.

ನಿಲ್ಲದೆ ಸೀಸನ್‌ಗಳನ್ನು ಬಿಡಿಸಿ. 1966, 1967ರಲ್ಲಿ ಎಎಫ್‌ಎಲ್‌ನಲ್ಲಿ (ಎನ್‌ಎಫ್‌ಎಲ್‌ನ ಪ್ರತಿಸ್ಪರ್ಧಿ ಲೀಗ್, ಆಮೇಲೆ ಅದರಲ್ಲೇ ಸೇರಿತು) ಪಾಸಿಂಗ್ ಯಾರ್ಡ್‌ಗೆ ಮೊದಲಿಗರು. 1967ರಲ್ಲಿ 14 ಪಂದ್ಯಗಳ ಸೀಸನ್‌ನಲ್ಲೇ 4,007 ಯಾರ್ಡ್, ಅದುವರೆಗೆ ಯಾರೂ 4,000 ದಾಟಿರಲಿಲ್ಲ. 1968ರಲ್ಲಿ ಲೀಗಿನ ಎಂವಿಪಿ, 1969ರ ಜನವರಿಯಲ್ಲಿ, ಸೀಸನ್‌ನ ಚಾಂಪಿಯನ್ ಪಂದ್ಯವಾದ ಮೂರನೇ ಸೂಪರ್ ಬೌಲ್‌ನಲ್ಲಿ ಬಾಲ್ಟಿಮೋರ್ ಮೇಲೆ 16-7 ಗೆಲುವು. ಆಮೇಲೆ ಗಾಯ: 1970ರಲ್ಲಿ 5 ಪಂದ್ಯ, 1971ರಲ್ಲಿ 4. 1972ರಲ್ಲಿ ಮತ್ತೆ ಯಾರ್ಡ್‌ನಲ್ಲಿ ಮೊದಲು. 1975ರಲ್ಲಿ 15 ಟಚ್‌ಡೌನ್‌ಗೆ 28 ಇಂಟರ್‌ಸೆಪ್ಷನ್.

ಎರಡು ತಿದ್ದುಪಡಿ ಸೇರಿಸಿ. 1978ರಲ್ಲಿ ರಿಸೀವರ್‌ಗಳನ್ನು ತಡೆಯುವ ನಿಯಮ ಬಿಗಿಯಾಗುವ ಮುಂಚೆ ಇಂಟರ್‌ಸೆಪ್ಷನ್ ಎಲ್ಲರಿಗೂ ಈಗಿಗಿಂತ ಬಹಳ ಹೆಚ್ಚಿತ್ತು, ಆದ್ದರಿಂದ ಈಗಿನವರ ಪಕ್ಕ ಇಟ್ಟು ಅಳೆಯಬಾರದು. ಇದು ನೇಮತ್ ಪರ. ಎಎಫ್‌ಎಲ್‌ನಲ್ಲಿ 1968ರ ಹೊತ್ತಿಗೂ 10 ತಂಡಗಳಷ್ಟೇ ಇದ್ದವು, ಹಾಗಾಗಿ 'ಲೀಗಿಗೇ ಮೊದಲು' ಎಂಬುದು ಚಿಕ್ಕ ಗುಂಪಿನಲ್ಲಿ ಮೊದಲು. ಇದು ಅವರ ವಿರುದ್ಧ. ನನ್ನ ತೀರ್ಮಾನ: 1966ರಿಂದ 1969ರ ತನಕ ಮೊದಲ ಸಾಲು, 1972ರಲ್ಲಿ ಮತ್ತೊಮ್ಮೆ, ಉಳಿದ ಸೀಸನ್‌ಗಳಲ್ಲಿ ಅಲ್ಲ.

ಅಭ್ಯಾಸಕ್ಕೆ ಲಿನ್ ಸ್ವಾನ್ ಅವರನ್ನು ತೆಗೆದುಕೊಳ್ಳಿ: ಪಿಟ್ಸ್‌ಬರ್ಗ್ ಸ್ಟೀಲರ್ಸ್, 1974ರಿಂದ 1982, 336 ಕ್ಯಾಚ್, 5,462 ಯಾರ್ಡ್, 51 ಟಚ್‌ಡೌನ್, ನಾಲ್ಕು ಸೂಪರ್ ಬೌಲ್, 2001ರಲ್ಲಿ ಹಾಲ್. ಯಾರ್ಡ್‌ಗಳನ್ನು ಸೀಸನ್‌ಗೆ ಭಾಗಿಸದೆ ಪಂದ್ಯಕ್ಕೆ ಭಾಗಿಸಿ. 1977ರ ತನಕ ಸೀಸನ್ ಎಂದರೆ 14 ಪಂದ್ಯ, 1978ರಿಂದ 16, ಮುಷ್ಕರದ 1982ರಲ್ಲಿ ಬರೀ 9.