ಬೇರಿಂಗ್‌ಗಳು ಹೊರುವ ಭಾರ: ಟೇಪರ್ ರೋಲರ್‌ನ ಲೆಕ್ಕದೊಂದಿಗೆ ಒಂದು ಟಿಪ್ಪಣಿ

ಶಾಫ್ಟ್‌ಗೆ ಅಡ್ಡಲಾಗಿ ಬೀಳುವುದು ತ್ರಿಜ್ಯೀಯ ಭಾರ, ಶಾಫ್ಟ್‌ನ ಉದ್ದಕ್ಕೂ ತಳ್ಳುವುದು ಅಕ್ಷೀಯ ಭಾರ. ಯಾವ ಬೇರಿಂಗ್ ಯಾವುದನ್ನು ಹೊರುತ್ತದೆ ಎಂಬ ಪಟ್ಟಿಯನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಗುಂಡು ಅಥವಾ ರೋಲರ್ ತನ್ನ ರೇಸನ್ನು (ಅದು ಉರುಳುವ ಒಳ ಅಥವಾ ಹೊರ ಉಂಗುರವನ್ನು) ಯಾವ ದಿಕ್ಕಿನಲ್ಲಿ ಒತ್ತುತ್ತದೆ ಎಂದು ಒಂದು ಗೆರೆ ಎಳೆದು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ.

ಡೀಪ್ ಗ್ರೂವ್ ಬಾಲ್ ಬೇರಿಂಗ್‌ನಲ್ಲಿ ಆ ಗೆರೆ ಶಾಫ್ಟ್‌ಗೆ ಲಂಬವಾಗಿರುತ್ತದೆ. ಆದರೂ ಗುಂಡು ಆಳವಾದ ತೋಡಿನಲ್ಲಿ ಕುಳಿತಿರುವುದರಿಂದ, ಪಕ್ಕಕ್ಕೆ ತಳ್ಳಿದಾಗ ತೋಡಿನ ಅಂಚಿನತ್ತ ಏರಿ, ಎರಡೂ ಕಡೆಯ ಅಕ್ಷೀಯ ಭಾರವನ್ನು ಒಂದು ಮಟ್ಟಕ್ಕೆ ತಾಳಿಕೊಳ್ಳುತ್ತದೆ. ಸೀಲಿಂಗ್ ಫ್ಯಾನ್‌ನ ಶಾಫ್ಟ್ ನೆಟ್ಟಗೆ ನಿಂತಿರುವುದರಿಂದ ರೆಕ್ಕೆಗಳ ತೂಕವೆಲ್ಲ ಅಲ್ಲಿ ಅಕ್ಷೀಯ ಭಾರವೇ. ಅದನ್ನು 6202 ಸಂಖ್ಯೆಯ ಮಾದರಿಯಂತಹ ಸಣ್ಣ ಬೇರಿಂಗ್ ಹೊರುವುದು ಈ ಬಲದಿಂದಲೇ. (ಸಂಖ್ಯೆಯ ಕೊನೆಯ ಎರಡು ಅಂಕಿ 04 ಅಥವಾ ಹೆಚ್ಚಿದ್ದರೆ ಐದರಿಂದ ಗುಣಿಸಿದರೆ ಒಳವ್ಯಾಸ ಮಿಲಿಮೀಟರಿನಲ್ಲಿ ಬರುತ್ತದೆ: 6205ಕ್ಕೆ 25. ಆದರೆ 00, 01, 02, 03ಕ್ಕೆ ಕ್ರಮವಾಗಿ 10, 12, 15, 17.)

ಸಿಲಿಂಡ್ರಿಕಲ್ ರೋಲರ್ ರೇಸನ್ನು ಬಿಂದುವಿನಲ್ಲಲ್ಲದೆ ಗೆರೆಯುದ್ದಕ್ಕೂ ಮುಟ್ಟುವುದರಿಂದ, ಅದೇ ಅಳತೆಯ ಬಾಲ್ ಬೇರಿಂಗ್‌ಗಿಂತ ಹೆಚ್ಚು ತ್ರಿಜ್ಯೀಯ ಭಾರ ಹೊರುತ್ತದೆ. ಎನ್‌ಯು ಮಾದರಿಯಲ್ಲಿ ಒಳ ರೇಸಿಗೆ ಅಂಚೇ ಇಲ್ಲದ ಕಾರಣ ಅಕ್ಷೀಯ ಭಾರವನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಥ್ರಸ್ಟ್ ಬಾಲ್ ಬೇರಿಂಗ್ ಇದಕ್ಕೆ ತದ್ವಿರುದ್ಧ: ಅದು ಹೊರುವುದು ಅಕ್ಷೀಯ ಭಾರವನ್ನಷ್ಟೇ. ಶಾಫ್ಟ್ ಬಾಗುವ ಕಡೆ ಸ್ಫೆರಿಕಲ್ ರೋಲರ್ ಹಾಕುತ್ತಾರೆ.

ಇನ್ನು ಟೇಪರ್ ರೋಲರ್. ತ್ರಿಜ್ಯೀಯ ಭಾರವನ್ನೂ ಒಂದು ದಿಕ್ಕಿನ ಅಕ್ಷೀಯ ಭಾರವನ್ನೂ ಇದು ಹೊರುತ್ತದೆ ಎಂಬಷ್ಟಕ್ಕೆ ವಿವರಣೆ ನಿಂತರೆ, ಇದನ್ನು ಜೋಡಿಯಾಗಿಯೇ ಏಕೆ ಹಾಕಬೇಕು ಎಂಬುದು ಅರ್ಥವಾಗುವುದಿಲ್ಲ. ಕಪ್‌ನ, ಅಂದರೆ ಹೊರ ರೇಸಿನ, ಒಳಮೈ ಓರೆಯಾಗಿದೆ. ರೋಲರ್ ಆ ಮೈಗೆ ಲಂಬವಾಗಿ ಒತ್ತುತ್ತದೆ. ಹೀಗೆ ಓರೆಯಾದ ಒತ್ತಡದ ಒಂದು ಭಾಗ ತ್ರಿಜ್ಯೀಯ ಭಾರವನ್ನು ತಡೆದರೆ, ಉಳಿದ ಭಾಗ ಶಾಫ್ಟ್‌ನ ಉದ್ದಕ್ಕೆ ತಿರುಗುತ್ತದೆ. ಒದ್ದೆ ಹುಣಸೆಬೀಜವನ್ನು ಎರಡು ಬೆರಳುಗಳ ನಡುವೆ ಅದುಮಿದಾಗ ಅದು ಪಕ್ಕಕ್ಕೆ ಚಿಮ್ಮುವಂತೆ, ಕೋನ್, ಅಂದರೆ ಶಾಫ್ಟ್ ಮೇಲೆ ಕೂರುವ ಒಳ ರೇಸ್, ಕಪ್‌ನಿಂದ ಹೊರಬರಲು ನೋಡುತ್ತದೆ. ಹೊರಗಿನಿಂದ ಯಾರೂ ತಳ್ಳದಿದ್ದರೂ, ಬರಿಯ ತ್ರಿಜ್ಯೀಯ ಭಾರವೇ ಹುಟ್ಟಿಸುವ ಅಕ್ಷೀಯ ಬಲ ಇದು. ಕೋನ್ ಜೊತೆಗೆ ಶಾಫ್ಟ್ ಕೂಡ ಸರಿಯುವುದರಿಂದ, 'ಅ' ಬೇರಿಂಗ್ ಹುಟ್ಟಿಸಿದ ಬಲ ಎದುರಿನ 'ಬ' ಬೇರಿಂಗ್‌ನ ಕೋನನ್ನು ಅದರ ಕಪ್‌ನೊಳಗೆ ಒತ್ತುತ್ತದೆ. 'ಬ'ದ ಬಲ 'ಅ'ವನ್ನು ಒತ್ತುತ್ತದೆ. ಈ ಅದಲುಬದಲನ್ನು ಚಿತ್ರದಲ್ಲಿ ಬಾಣ ಹಾಕಿಕೊಳ್ಳದೆ ಲೆಕ್ಕಕ್ಕೆ ಇಳಿಯಲೇಬಾರದು.

ಎರಡೂ ಕಡೆ 30205 ಸಂಖ್ಯೆಯ ಟೇಪರ್ ರೋಲರ್ ಬೇರಿಂಗ್ ಇದೆ ಎನ್ನೋಣ. ಇದಕ್ಕೆ ಕ್ಯಾಟಲಾಗ್ ಬೆಲೆಗಳು ಇ = 0.37 (ಅಕ್ಷೀಯ ಭಾರವನ್ನು ತ್ರಿಜ್ಯೀಯ ಭಾರದಿಂದ ಭಾಗಿಸಿದ ಅನುಪಾತ ಇದನ್ನು ಮೀರಿದರೆ ಮಾತ್ರ ಅಕ್ಷೀಯ ಭಾರ ಲೆಕ್ಕಕ್ಕೆ ಬರುತ್ತದೆ), ವೈ = 1.6 (ಅಕ್ಷೀಯ ಭಾರದ ಗುಣಕ). 'ಅ' ಮೇಲೆ 4000 ನ್ಯೂಟನ್, 'ಬ' ಮೇಲೆ 3200 ನ್ಯೂಟನ್ ತ್ರಿಜ್ಯೀಯ ಭಾರವಿದ್ದು, ಹೊರಗಿನಿಂದ 1000 ನ್ಯೂಟನ್ ಬಲ ಶಾಫ್ಟನ್ನು 'ಅ' ಕಪ್‌ನೊಳಕ್ಕೆ ತಳ್ಳುತ್ತಿದೆ. ಹುಟ್ಟುವ ಬಲವನ್ನು ಪಡೆಯಲು ತ್ರಿಜ್ಯೀಯ ಭಾರವನ್ನು ವೈ ಬೆಲೆಯ ಎರಡರಷ್ಟರಿಂದ, ಅಂದರೆ 3.2ರಿಂದ, ಭಾಗಿಸಬೇಕು: 'ಅ'ಗೆ 1250, 'ಬ'ಗೆ 1000. 'ಅ' ಕಡೆಗೆ ತಳ್ಳುವವು ಹೊರಗಿನ 1000 ಮತ್ತು 'ಬ'ದ 1000, ಒಟ್ಟು 2000. ಇದು 1250ಕ್ಕಿಂತ ಹೆಚ್ಚಾದ್ದರಿಂದ 'ಅ' ಮೇಲಿನ ಅಕ್ಷೀಯ ಭಾರ 2000 ಆಗುತ್ತದೆ. 750 ಅಲ್ಲ, ಏಕೆಂದರೆ ಆ 1250 ಎಂಬುದು 'ಅ' ಬೇರಿಂಗ್ ತೋರುವ ಪ್ರತಿರೋಧದೊಳಗೆ ಆಗಲೇ ಸೇರಿರುವ ಪಾಲು. ಅದನ್ನು ಮತ್ತೆ ಕಳೆಯುವಂತಿಲ್ಲ. ಒಟ್ಟು ಮೊತ್ತ 1250ಕ್ಕಿಂತ ಕಡಿಮೆಯಾಗಿದ್ದರೆ 'ಅ'ಗೆ ಅದರದೇ 1250 ಉಳಿದು, ಅದರಲ್ಲಿ ಹೊರಗಿನ ಬಲವನ್ನು ಕಳೆದಷ್ಟು 'ಬ'ಕ್ಕೆ ಹೋಗುತ್ತಿತ್ತು.

2000ವನ್ನು 4000ದಿಂದ ಭಾಗಿಸಿದರೆ 0.5, ಇದು 0.37ನ್ನು ಮೀರಿದೆ. ಆದ್ದರಿಂದ ಸಮಾನ ಭಾರ (ಎರಡೂ ಭಾರಗಳ ಪರಿಣಾಮಕ್ಕೆ ಸಮನಾದ ಒಂದೇ ಭಾರ), ತ್ರಿಜ್ಯೀಯ ಭಾರದ ಗುಣಕ 0.4 ಹಿಡಿದು, 0.4 × 4000 + 1.6 × 2000 = 4800 ನ್ಯೂಟನ್. ಹುಟ್ಟುವ ಬಲವನ್ನು ಮರೆತು ಹೊರಗಿನ 1000ವನ್ನಷ್ಟೇ ಹಿಡಿದಿದ್ದರೆ ಅನುಪಾತ 0.25 ಬಂದು, ಸಮಾನ ಭಾರ 4000ಕ್ಕೇ ನಿಲ್ಲುತ್ತಿತ್ತು. ರೋಲರ್ ಬೇರಿಂಗ್‌ನ ಆಯುಷ್ಯ ಭಾರದ 10/3 ಘಾತಕ್ಕೆ ವಿಲೋಮವಾದ್ದರಿಂದ, ಭಾರದಲ್ಲಿ 20 ಪ್ರತಿಶತದ ಈ ವ್ಯತ್ಯಾಸ ಆಯುಷ್ಯವನ್ನು ಸುಮಾರು 54 ಪ್ರತಿಶತಕ್ಕೆ ಇಳಿಸುತ್ತದೆ. 'ಬ' ಬೇರಿಂಗ್‌ನ ಅಕ್ಷೀಯ ಭಾರ ಅದರದೇ 1000 ಆದ್ದರಿಂದ ಅನುಪಾತ 0.31 ಮಾತ್ರ, ಅಲ್ಲಿ ಸಮಾನ ಭಾರ 3200 ನ್ಯೂಟನ್‌ ಆಗಿಯೇ ಉಳಿಯುತ್ತದೆ.