ನೂರಕ್ಕೆ ನೂರು ಪಾಲಿದ್ದರೆ ಪ್ರಾಬಲ್ಯ ಸಾಬೀತಾಯಿತೇ?

ಯುರೋಪಿಯನ್ ಒಕ್ಕೂಟದ ದೂರಸಂಪರ್ಕ ಕಾನೂನನ್ನು ಓದಲು ಕೂತವರು ಮೊದಲು ಎಡವುವುದು ‘ಗಣನೀಯ ಮಾರುಕಟ್ಟೆ ಬಲ’ ಎಂಬ ಪದದ ಬಳಿ. 1997ರ ಅಂತರ್‌ಸಂಪರ್ಕ ನಿರ್ದೇಶನದಲ್ಲಿ ಇದರ ಲೆಕ್ಕ ಸುಲಭವಾಗಿತ್ತು. ಮಾರುಕಟ್ಟೆಯಲ್ಲಿ ಶೇ 25ಕ್ಕಿಂತ ಹೆಚ್ಚು ಪಾಲು ಹೊಂದಿದ ಕಂಪನಿಗೆ ಆ ಬಲವಿದೆಯೆಂದು ಸಾಮಾನ್ಯವಾಗಿ ಭಾವಿಸಲಾಗುತ್ತಿತ್ತು. 2002ರ ಚೌಕಟ್ಟು ನಿರ್ದೇಶನವು ಆ ಅಳತೆಗೋಲನ್ನು ಕೈಬಿಟ್ಟು, ಸ್ಪರ್ಧಾ ಕಾನೂನಿನ ಪ್ರಾಬಲ್ಯದ ಪರಿಕಲ್ಪನೆಯನ್ನೇ ಎರವಲು ಪಡೆಯಿತು. ಪ್ರತಿಸ್ಪರ್ಧಿಗಳು, ಗಿರಾಕಿಗಳು ಮತ್ತು ಅಂತಿಮವಾಗಿ ಬಳಕೆದಾರರು ಏನು ಮಾಡಿಯಾರೆಂಬ ಅಂಕೆಯಿಲ್ಲದೆ ಗಮನಾರ್ಹ ಮಟ್ಟಿಗೆ ತನ್ನಿಷ್ಟದಂತೆ ನಡೆಯಬಲ್ಲ ಆರ್ಥಿಕ ಶಕ್ತಿಯೇ ಪ್ರಾಬಲ್ಯ. ಬಾಳೆಹಣ್ಣಿನ ವ್ಯಾಪಾರದ ಕುರಿತ 1978ರ ಯುನೈಟೆಡ್ ಬ್ರಾಂಡ್ಸ್ ತೀರ್ಪಿನಲ್ಲಿ ಕಾಣುವ ಈ ವ್ಯಾಖ್ಯೆ ಇಂದು 2018ರ ಎಲೆಕ್ಟ್ರಾನಿಕ್ ಸಂವಹನ ಸಂಹಿತೆಯ 63ನೇ ವಿಧಿಯಲ್ಲಿದೆ.

ವ್ಯಾಖ್ಯೆ ಒಂದೇ ಆದರೂ ನೋಟ ಬೇರೆ. ಸ್ಪರ್ಧಾ ಪ್ರಾಧಿಕಾರವು ಸಾಮಾನ್ಯವಾಗಿ ನಡೆದುಹೋದ ದುರುಪಯೋಗವನ್ನು ವಿಚಾರಿಸಿದರೆ, ದೂರಸಂಪರ್ಕ ನಿಯಂತ್ರಕರು ತಪ್ಪು ನಡೆಯುವ ಮೊದಲೇ ಮುಂದಿನ ಕೆಲವು ವರ್ಷಗಳನ್ನು ಅಂದಾಜಿಸಿ ಷರತ್ತು ವಿಧಿಸುತ್ತಾರೆ. ಅದಕ್ಕಾಗಿ ಮೊದಲು ಮಾರುಕಟ್ಟೆಯ ಎಲ್ಲೆ ಗುರುತಿಸಬೇಕು: ಬೆಲೆಯನ್ನು ಶೇ 5ರಿಂದ 10ರಷ್ಟು ಏರಿಸಿದರೆ ಗಿರಾಕಿಗಳು ಯಾವ ಸೇವೆಗೆ ವಾಲುತ್ತಾರೋ ಅದೂ ಅದೇ ಮಾರುಕಟ್ಟೆಗೆ ಸೇರುತ್ತದೆ. ಪ್ರವೇಶಕ್ಕಿರುವ ತಡೆ ಗಟ್ಟಿಯಾಗಿದ್ದು ಬೇಗ ಕರಗುವಂಥದ್ದಲ್ಲ, ಸ್ಪರ್ಧೆ ತಾನಾಗಿ ಚಿಗುರುವ ಲಕ್ಷಣವಿಲ್ಲ, ಸ್ಪರ್ಧಾ ಕಾನೂನೊಂದೇ ಸಾಲದು ಎಂಬ ಮೂರೂ ಅಂಶಗಳು ಕೂಡಿಬಂದಾಗ ಮಾತ್ರ ಆ ಮಾರುಕಟ್ಟೆಗೆ ಮುಂಗಡ ನಿಯಂತ್ರಣ ಸಲ್ಲುತ್ತದೆ. ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ಹೊರಡಿಸುವ ಅಂಥ ಮಾರುಕಟ್ಟೆಗಳ ಪಟ್ಟಿಯಲ್ಲಿ 2003ರಲ್ಲಿ 18 ಇದ್ದವು. 2020ರಲ್ಲಿ ಉಳಿದದ್ದು 2.

ಇನ್ನು ಪಾಲಿನ ಮಾತು. ದೀರ್ಘಕಾಲ ಶೇ 50ಕ್ಕಿಂತ ಹೆಚ್ಚು ಪಾಲಿದ್ದರೆ ಅದು ಪ್ರಾಬಲ್ಯದ ಬಲವಾದ ಸೂಚನೆ. ಆದರೆ ಸೂಚನೆಯೇ ತೀರ್ಮಾನವಲ್ಲ ಎಂಬುದನ್ನು ಕರೆ ಟರ್ಮಿನೇಷನ್‌ನಷ್ಟು ಚೆನ್ನಾಗಿ ಕಲಿಸುವ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. ನೀವು ಇನ್ನೊಂದು ಜಾಲದ ಗ್ರಾಹಕರಿಗೆ ಕರೆ ಮಾಡಿದಾಗ ಆ ಕರೆಯನ್ನು ಅವರ ಫೋನಿಗೆ ಮುಟ್ಟಿಸಬಲ್ಲದ್ದು ಅವರ ಕಂಪನಿಯೊಂದೇ. ಅದಕ್ಕೆ ನಿಮ್ಮ ಕಂಪನಿ ಶುಲ್ಕ ತೆರುತ್ತದೆ. ಹೀಗಾಗಿ ಎಷ್ಟೇ ಚಿಕ್ಕ ಕಂಪನಿಗೂ ತನ್ನ ಜಾಲದಲ್ಲಿ ಶೇ 100 ಪಾಲು. ಐರ್ಲೆಂಡಿನ ನಿಯಂತ್ರಕ ಕಾಮ್‌ರೆಗ್, ಆಗಷ್ಟೇ ಕಾಲಿಡುತ್ತಿದ್ದ ಹಚಿಸನ್ 3ಜಿ ಕಂಪನಿಗೂ ಪ್ರಾಬಲ್ಯವಿದೆಯೆಂದು ನಿರ್ಣಯಿಸಿತು. ಮೇಲ್ಮನವಿ ಮಂಡಳಿ 2005ರಲ್ಲಿ ಆ ನಿರ್ಣಯವನ್ನು ರದ್ದುಪಡಿಸಿತು. ಏಕೆಂದರೆ ಕೊಳ್ಳುವ ಕಡೆ ಇದ್ದದ್ದು ದೇಶದ ಹಳೆಯ ದೊಡ್ಡ ಸ್ಥಿರ ದೂರವಾಣಿ ಸಂಸ್ಥೆಯಾದ ಐರ್‌ಕಾಮ್; ಹೊಸಬರು ಕೇಳಿದ ದರಕ್ಕೆ ಅದು ಒಪ್ಪಲೇಬೇಕಿತ್ತೇ, ಅಥವಾ ಚೌಕಾಸಿ ಮಾಡಿ ದರ ಇಳಿಸುವ ಶಕ್ತಿ ಅದಕ್ಕಿತ್ತೇ ಎಂಬುದನ್ನು ಕಾಮ್‌ರೆಗ್ ಸರಿಯಾಗಿ ತೂಗಿರಲಿಲ್ಲ. ಈ ಕೊಳ್ಳುವವರ ಪ್ರತಿಬಲವನ್ನು ಈ ಕಾನೂನು ಓದುವ ನಾವು ನಮ್ಮ ಟಿಪ್ಪಣಿಯ ಕೊನೆಗೆ ಒಂದು ಸಾಲಿನಲ್ಲಿ ಬರೆದು ಮುಗಿಸುತ್ತೇವೆ. ಪ್ರಕರಣ ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ ಎಂಬುದು ಇಲ್ಲಿ ಕಾಣುತ್ತದೆ.

ನಿಯಂತ್ರಕರ ಮಾತೇ ಕಡೆಯದೂ ಅಲ್ಲ. ಕರಡು ನಿರ್ಣಯವನ್ನು ಯುರೋಪಿಯನ್ ಕಮಿಷನ್‌ಗೆ ತಿಳಿಸಬೇಕು. ಗಂಭೀರ ಸಂದೇಹ ಮೂಡಿದರೆ ಅದು ಇನ್ನೆರಡು ತಿಂಗಳು ತಡೆದು, ಮಾರುಕಟ್ಟೆಯ ಎಲ್ಲೆಯ ವಿಷಯದಲ್ಲೂ ಪ್ರಾಬಲ್ಯದ ವಿಷಯದಲ್ಲೂ ಕರಡನ್ನು ಹಿಂಪಡೆಯುವಂತೆ ಆದೇಶಿಸಬಹುದು.

2020ರ ಪಟ್ಟಿಯಿಂದ ಟರ್ಮಿನೇಷನ್ ಬಿಟ್ಟುಹೋದದ್ದನ್ನು ನೋಡಿ, ಅಲ್ಲಿ ಸ್ಪರ್ಧೆ ಬಂತೆಂದು ತಿಳಿಯಬಾರದು. ಶೇ 100 ಪಾಲು ಹಾಗೆಯೇ ಇದೆ. ಕರೆ ಮುಟ್ಟಿಸುವುದಕ್ಕೆ ಒಕ್ಕೂಟವೇ ಎಲ್ಲರಿಗೂ ಒಂದೇ ಗರಿಷ್ಠ ದರ ನಿಗದಿಪಡಿಸುವ ವ್ಯವಸ್ಥೆ ಬಂದಿದ್ದರಿಂದಲೇ ಅದನ್ನು ಪಟ್ಟಿಯಿಂದ ಬಿಡಲಾಯಿತು; ಮೊಬೈಲ್ ಕರೆ ಮುಟ್ಟಿಸಲು ಕಂಪನಿಗಳು 2024ರಿಂದ ನಿಮಿಷಕ್ಕೆ 0.2 ಯೂರೋ ಸೆಂಟ್‌ಗಿಂತ ಹೆಚ್ಚು ಕೇಳುವಂತಿಲ್ಲ.