ನಡುಕ ಕಡಿಮೆಯಾಯ್ತು, ಅಪ್ಪಯ್ಯ ಅಂಗಿ ಯಾಕೆ ಬಿಚ್ಚುತ್ತಿಲ್ಲ?

ಶಿರಸಿ ಕಡೆಯ ಓದುಗರೊಬ್ಬರ ಪ್ರಶ್ನೆ: "ಅಪ್ಪಯ್ಯನಿಗೆ ಪಾರ್ಕಿನ್ಸನ್. ಮಿದುಳಿಗೆ ತಂತಿ ಇಳಿಸಿ ಸಣ್ಣ ಕರೆಂಟು ಕೊಡುವ ಡಿಬಿಎಸ್ ಆಪರೇಷನ್ ಆಗಿ 8 ತಿಂಗಳಾಯ್ತು. ನಡುಕ ತುಂಬಾ ಕಡಿಮೆಯಾಗಿದೆ, ಅವರೇ ಅನ್ನ ಕಲಸಿಕೊಂಡು ಉಣ್ಣುತ್ತಾರೆ. ಆದರೆ ಈ ಸೆಕೆಯಲ್ಲೂ ಅಂಗಿ ಬಿಚ್ಚುವುದಿಲ್ಲ. ಮದುವೆ, ಉಪನಯನ ಅಂದರೆ 'ನೀವು ಹೋಗಿ ಬನ್ನಿ' ಅನ್ನುತ್ತಾರೆ. ಗುಣವಾದ ಮೇಲೂ ಯಾಕೆ ಹೀಗೆ?"

ಈ ಪ್ರಶ್ನೆ ಬೇರೆ ಬೇರೆ ಮಾತಿನಲ್ಲಿ ಬರುತ್ತಲೇ ಇರುತ್ತದೆ. ಕುಮಟಾದ ನಮ್ಮ ಮನೆಯಲ್ಲೂ ಇದು ನಡೆದಿದೆ, ದೊಡ್ಡಪ್ಪನ ವಿಷಯದಲ್ಲಿ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಆ 'ಗುಣವಾದ ಮೇಲೆ' ಅನ್ನುವ ಮಾತು. ಡಿಬಿಎಸ್ ಪಾರ್ಕಿನ್ಸನ್ನನ್ನು ಗುಣ ಮಾಡುವುದಿಲ್ಲ. ಮಿದುಳಿನಲ್ಲಿ ಡೋಪಮೈನ್ (ಚಲನೆಗೆ ಬೇಕಾದ ರಾಸಾಯನಿಕ) ತಯಾರಿಸುವ ಜೀವಕೋಶಗಳು ಸಾಯುವುದನ್ನು ಅದು ತಡೆಯುವುದಿಲ್ಲ. ಹದ ತಪ್ಪಿದ ಸಂಕೇತಗಳನ್ನು ಸಣ್ಣ ಕರೆಂಟಿನಿಂದ ಹತೋಟಿಗೆ ತರುತ್ತದೆ. ನಡುಕ, ಬಿಗಿತ, ನಿಧಾನಗತಿ ಚೆನ್ನಾಗಿ ಇಳಿಯಬಹುದು. ನಡೆಯುವಾಗ ಜೋಲಿ ಹೊಡೆಯುವುದು, ದನಿ ಮೆತ್ತಗಾಗುವುದು ಅಷ್ಟಾಗಿ ಸುಧಾರಿಸುವುದಿಲ್ಲ, ಕೆಲವರಿಗೆ ಮಾತು ಇನ್ನೂ ತೊಡಕಾಗುತ್ತದೆ. ಇನ್ನು ಮುಖ. ನಾವು ಯೋಚನೆ ಮಾಡದೆಯೇ ನಗುತ್ತೇವೆ, ಹುಬ್ಬು ಏರಿಸುತ್ತೇವೆ, ರೆಪ್ಪೆ ಬಡಿಯುತ್ತೇವೆ ಅಲ್ವಾ? ಪಾರ್ಕಿನ್ಸನ್ ಬಂದವರಲ್ಲಿ ತಾನಾಗಿ ಆಗುವ ಈ ಚಲನೆಗಳೇ ಕಡಿಮೆಯಾಗುತ್ತವೆ. ಒಳಗೆ ಖುಷಿ ಇದ್ದರೂ ಮುಖದಲ್ಲಿ ಕಾಣುವುದಿಲ್ಲ. ನಂಟರು 'ಯಾಕೋ ಸಿಟ್ಟಲ್ಲಿದ್ದಾರೆ' ಅಂದುಕೊಂಡು ದೂರ ಕೂರುತ್ತಾರೆ. ಅವರು ದೂರ ಕೂತದ್ದು ಇವರಿಗೆ ಗೊತ್ತಾಗುತ್ತದೆ.

ಈಗ ಅಂಗಿ. ಮಿದುಳಿಗೆ ಇಳಿಸಿದ ತಂತಿ ತಲೆಯ ಚರ್ಮದಡಿ ಹಾದು, ಕಿವಿಯ ಹಿಂದಿನಿಂದ ಕುತ್ತಿಗೆಯಲ್ಲಿ ಇಳಿದು, ಕಾಲರ್ ಬೋನ್ ಕೆಳಗೆ ಹೂತಿಟ್ಟ ಬ್ಯಾಟರಿಗೆ ಸೇರುತ್ತದೆ. ಮೈ ತೆಳ್ಳಗಿದ್ದವರಲ್ಲಿ ಆ ಉಬ್ಬು ಎದ್ದು ಕಾಣುತ್ತದೆ, ಕುತ್ತಿಗೆ ತಿರುಗಿಸಿದರೆ ತಂತಿಯ ಗೆರೆಯೂ ಕಾಣಬಹುದು. ಬೇರೆ ಊರಲ್ಲಿ ಅಂಗಿಯೊಳಗೆ ಮುಚ್ಚಿಹೋಗುತ್ತದೆ. ನಮ್ಮ ಕಡೆ ಗಂಡಸರು ವಯಸ್ಸಾದ ಮೇಲೆ ಬದುಕುವುದೇ ಪಂಚೆ ಉಟ್ಟು, ಹೆಗಲಿಗೊಂದು ಶಾಲು ಹಾಕಿಕೊಂಡು. ಜಗಲಿ, ತೋಟ, ಪೂಜೆ, ಊಟದ ಪಂಕ್ತಿ ಎಲ್ಲ ಹಾಗೇ. ಗೋಕರ್ಣದ ದೇವಸ್ಥಾನಕ್ಕೆ ಹೋದರೂ ಅಂಗಿ ತೆಗೆಯಬೇಕು. ಅಂದರೆ ಅಪ್ಪಯ್ಯ ಮುಚ್ಚಬೇಕಾದದ್ದು ಸರಿಯಾಗಿ ಊರು ನೋಡುವ ಜಾಗದಲ್ಲೇ ಇದೆ. ಜೊತೆಗೆ ಆಪರೇಷನ್ ನಂತರ ಹಲವರಿಗೆ ತೂಕ ಏರುತ್ತದೆ, ತಲೆಯ ಮೇಲೆ ಗಾಯದ ಕಲೆ, ಸಣ್ಣ ಗುಬುಟು ಉಳಿಯುತ್ತದೆ. ವರ್ಷಗಟ್ಟಲೆ ನಡುಗುವ ಮೈಗೆ ಹೊಂದಿಕೊಂಡವರು ಈಗ ಇನ್ನೊಂದು ಮೈಗೆ ಹೊಂದಿಕೊಳ್ಳಬೇಕು. ಇದನ್ನು ಶೋಕಿ ಅಂತ ದಯವಿಟ್ಟು ತಳ್ಳಿಹಾಕಬೇಡಿ. 'ಈ ವಯಸ್ಸಲ್ಲಿ ಯಾರು ನೋಡ್ತಾರೆ' ಅಂತ ನಾವೂ ದೊಡ್ಡಪ್ಪನಿಗೆ ಅಂದಿದ್ದೆವು. ಅವರು ಮಾತೇ ನಿಲ್ಲಿಸಿದರು.

ಮುಚ್ಚಿಡುವುದರಲ್ಲಿ ಅಪಾಯವೂ ಇದೆ, ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ಸೊಂಟನೋವು ಅಂತ ಫಿಸಿಯೋಥೆರಪಿಗೆ ಹೋದಾಗ ಡಯಾಥರ್ಮಿ ಅನ್ನುವ ಬಿಸಿ ಕೊಡುವ ಯಂತ್ರ ಇಡುತ್ತಾರೆ. ಡಿಬಿಎಸ್ ಇದ್ದವರಿಗೆ ಅದು ಮೈಯ ಯಾವ ಭಾಗಕ್ಕೂ ಕೂಡದು, ತಂತಿ ಬಿಸಿಯಾಗಿ ಮಿದುಳು ಸುಡಬಹುದು. ಎಂಆರ್‌ಐಗೆ ಮೊದಲೂ ಹೇಳಲೇಬೇಕು. ಮೈಯಲ್ಲಿ ಡಿಬಿಎಸ್ ಇದೆ ಅಂತ ತಿಳಿಸುವ ಡಿವೈಸ್ ಕಾರ್ಡು ಯಾವಾಗಲೂ ಜೇಬಿನಲ್ಲಿರಲಿ. ಉಬ್ಬಿನ ಮೇಲೆ ಕೆಂಪು, ಊತ, ಕೀವು ಕಂಡರೆ ಅದೇ ದಿನ ಆಪರೇಷನ್ ಮಾಡಿದ ಡಾಕ್ಟರಿಗೆ ತಿಳಿಸಿ. ಅಂಗಿ ಬಿಚ್ಚದವರಲ್ಲಿ ಇದು ತಡವಾಗಿಯೇ ಕಣ್ಣಿಗೆ ಬೀಳುವುದು.

ಸಮುದ್ರದ ಬದಿಯವರಿಗೆ ಇನ್ನೊಂದು ಮಾತು. 2019ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು 9 ಜನರ ಬಗ್ಗೆ ಬರೆದರು. ಎಲ್ಲರೂ ಚೆನ್ನಾಗಿ ಈಜುತ್ತಿದ್ದವರು, ಡಿಬಿಎಸ್ ಆದ ಮೇಲೆ ನೀರಿಗಿಳಿದರೆ ಕೈಕಾಲು ಹೊಂದಿ ಬರಲಿಲ್ಲ. ಎಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ಆದರೆ ಯಾರಿಗೂ ಕಾಣದಿರಲಿ ಅಂತ ಬೆಳಗಿನ ಜಾವ ಒಬ್ಬರೇ ಹೊಳೆಗೋ ಕಡಲಿಗೋ ಇಳಿಯುವುದು ಬೇಡವೇ ಬೇಡ.

ಮನಸ್ಸಿನದನ್ನೂ ನೋಡಿ. ಮಂಕು, ಖಿನ್ನತೆ ಪಾರ್ಕಿನ್ಸನ್ನಿನ ಭಾಗವೇ ಆಗಿರಬಹುದು, ಆಪರೇಷನ್ ನಂತರವೂ ಬರಬಹುದು. ಏನೂ ಬೇಡ ಅನ್ನುವುದು, ನಿದ್ದೆ ಕೆಡುವುದು, ಸಾಯುವ ಮಾತು ಬಂದರೆ ತಡಮಾಡದೆ ನ್ಯೂರಾಲಜಿಸ್ಟ್ ಹತ್ತಿರ ಹೇಳಿ. ಡಿಬಿಎಸ್ ಸೆಟ್ಟಿಂಗ್, ಮಾತ್ರೆ ಎರಡನ್ನೂ ಬದಲಿಸಲು ಬರುತ್ತದೆ.

ದೊಡ್ಡಪ್ಪನದು ಚಾರ್ಜ್ ಮಾಡುವ ಬ್ಯಾಟರಿ. ಚಾರ್ಜರನ್ನು ಎದೆಯ ಮೇಲೆ ಇಟ್ಟುಕೊಂಡು ಕೂರಬೇಕು. ಮೊದಲು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ಸಂಜೆ ದೊಡ್ಡಮ್ಮ ಸುಮ್ನೆ ಪಕ್ಕದಲ್ಲಿ ಕೂತು 'ಇಲ್ಲಿ ಮುಟ್ಟಿದರೆ ನೋವಾಗ್ತದಾ' ಅಂತ ಕೇಳಿದರಂತೆ. ಅಷ್ಟು ದಿನ ನಾವ್ಯಾರೂ ಕೇಳಿರಲಿಲ್ಲ. ಆಮೇಲೆ ಬಾಗಿಲು ತೆರೆದಿರುತ್ತಿತ್ತು, ಜಗಲಿಗೆ ಬರಲು ಮಾತ್ರ ಮತ್ತೊಂದು ಮಳೆಗಾಲ ಕಳೆಯಿತು.

ನೀವೂ ಅಲ್ಲಿಂದ ಶುರು ಮಾಡಿ. ಮುಂದಿನ ಮದುವೆಗೆ ಮಾತ್ರೆ ಚೆನ್ನಾಗಿ ಕೆಲಸ ಮಾಡುವ ಹೊತ್ತು ನೋಡಿ ಹೊರಡಿ. ಪಂಕ್ತಿಯ ಕೊನೆಯಲ್ಲಿ, ಗೋಡೆ ಬದಿ, ನಿಮ್ಮ ಪಕ್ಕ ಜಾಗ ಹಿಡಿಯಿರಿ. ಶಾಲು ಎಡಕ್ಕೋ ಬಲಕ್ಕೋ, ಉಬ್ಬು ಇರುವ ಬದಿಗೆ ಹೊದೆಯಲಿ. ಯಾರಾದರೂ ಕೇಳಿದರೆ ಏನು ಹೇಳಬೇಕು, ಯಾರು ಹೇಳಬೇಕು ಅಂತ ಅವರನ್ನೇ ಮೊದಲು ಕೇಳಿಟ್ಟುಕೊಳ್ಳಿ. ಬರುವುದಿಲ್ಲ ಅಂದರೆ ಈ ಸಲ ಬಿಡಿ, ಮುಂದಿನ ಸಲ ಮತ್ತೆ ಕರೆಯಿರಿ.